ಗಿರಾಕಿಯ ನಂಬುಗೆ: ಮೋಟಾರ್ ಸೈಕಲಿನ ಸಣ್ಣ ಅಂಗಡಿಯೂ ದೊಡ್ಡ ಅಂಗಡಿಯೂ

(ಶಾಲೆಯ ವಾರ್ಷಿಕೋತ್ಸವದಂದು ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಾರ್ಷಿಕೋತ್ಸವದ ಸಭೆಯಲ್ಲಿ ಮುಖ್ಯೋಪಾಧ್ಯಾಯರಾದವರು ವಿದ್ಯೆಯ ಮಹಿಮೆಯನ್ನು ಕುರಿತೋ ಶಿಸ್ತಿನ ಅಗತ್ಯವನ್ನು ಕುರಿತೋ ನಾಲ್ಕು ಮಾತನಾಡುವುದು ವಾಡಿಕೆ. ಈ ದಿನ ನಾವು ಮೋಟಾರ್ ಸೈಕಲ್ ಮಾರುವ ಅಂಗಡಿಗಳನ್ನು ಕುರಿತು ಮಾತನಾಡಲು ನಿಂತಿದ್ದೇವೆಂದರೆ ತಮ್ಮಲ್ಲಿ ಕೆಲವರಿಗೆ ನಗೆ ಬಂದರೂ ಆಶ್ಚರ್ಯವಿಲ್ಲ. ಆದರೆ ಶಾಲೆಯ ಬೇಲಿಯ ಉದ್ದಕ್ಕೂ ಸಾಲಾಗಿ ನಿಂತಿರುವ ವಾಹನಗಳನ್ನು ತಾವೇ ಒಮ್ಮೆ ತಿರುಗಿ ನೋಡಬಹುದು. ನಮ್ಮ ಹೊಸೂರು ಸೀಮೆಯ ಸಂಸಾರಗಳಲ್ಲಿ ಮನೆ ಕಟ್ಟುವುದು, ಮದುವೆ ಮಾಡುವುದು, ಈ ಎರಡನ್ನು ಬಿಟ್ಟರೆ ಒಮ್ಮೆಗೇ ಹೆಚ್ಚಿನ ಹಣ ಬೇಡುವ ವಸ್ತುಗಳಲ್ಲಿ ಮೋಟಾರ್ ಸೈಕಲು ಒಂದು. ಅನೇಕರು ಅದನ್ನು ಕಂತಿನ ಸಾಲದಲ್ಲಿ ಕೊಳ್ಳುತ್ತಾರೆ. ಹೂವು, ತರಕಾರಿಗಳು ಅದರ ಮೇಲೆಯೇ ಸಂತೆಗೆ ಹೋಗುತ್ತವೆ. ಮಗಳು ಅದರ ಮೇಲೆಯೇ ಕಾಲೇಜಿಗೆ ಹೋಗುತ್ತಾಳೆ. ನಮ್ಮಲ್ಲಿ ಓದಿದ ಹುಡುಗರಲ್ಲಿ ಹಲವರು ಅದನ್ನು ತಯಾರಿಸುವ ಕಾರ್ಖಾನೆಯಲ್ಲಿಯೋ ಮಾರುವ ಷೋರೂಮಿನಲ್ಲಿಯೋ ದುರಸ್ತಿ ಮಾಡುವ ಗ್ಯಾರೇಜಿನಲ್ಲಿಯೋ ದುಡಿಯುತ್ತಿದ್ದಾರೆ. ಆದುದರಿಂದ ಈ ವಿಷಯವು ಶಾಲೆಗೆ ಹೊರತಾದುದಲ್ಲ.

ಪೋಷಕರು ನಮ್ಮನ್ನು ಆಗಾಗ ಕೇಳುವ ಪ್ರಶ್ನೆಯೊಂದುಂಟು: ಗಾಡಿಯನ್ನು ನಮ್ಮೂರಿನ ಸಣ್ಣ ಅಂಗಡಿಯಲ್ಲಿ ಕೊಳ್ಳುವುದೋ, ಹೆದ್ದಾರಿಯ ಬದಿಯ ಗಾಜಿನ ಗೋಡೆಯ ದೊಡ್ಡ ಷೋರೂಮಿನಲ್ಲಿ ಕೊಳ್ಳುವುದೋ? ಇದಕ್ಕೆ ನಮ್ಮ ಜನರಲ್ಲಿ ಎರಡು ಗಾದೆಗಳು ಸಿದ್ಧವಾಗಿವೆ. ಒಂದು, ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಇನ್ನೊಂದು, ಹಿತ್ತಲ ಗಿಡ ಮದ್ದಲ್ಲ. ಮೊದಲನೆಯದು ದೊಡ್ಡದಕ್ಕೆ ಮರುಳಾಗಬೇಡಿರೆಂದು ಎಚ್ಚರಿಸುತ್ತದೆ. ಎರಡನೆಯದು ಹತ್ತಿರದ್ದನ್ನು ಹಗುರವಾಗಿ ಕಾಣುವ ನಮ್ಮ ಸ್ವಭಾವವನ್ನು ಆಡಿ ತೋರಿಸುತ್ತದೆ. ಗಾದೆಯಿಂದ ತೀರ್ಪು ಹೇಳುವುದು ಸುಲಭ. ವ್ಯಾಪಾರದ ಒಳಗನ್ನು ಸ್ವಲ್ಪ ನೋಡಿ ತೀರ್ಪು ಹೇಳುವುದು ಲೇಸು.

ಮೊದಲು ಗಿರಾಕಿಯ ನಿಷ್ಠೆಯೆಂದರೇನೆಂಬುದನ್ನು ತಿಳಿಯಬೇಕು. ಒಂದೇ ಅಂಗಡಿಗೆ ಮತ್ತೆ ಮತ್ತೆ ಹೋಗುವುದೆಲ್ಲವೂ ನಿಷ್ಠೆಯಲ್ಲ. ಬಜಾಜ್ ಸಂಸ್ಥೆಯು 1972ರಲ್ಲಿ ಚೇತಕ್ ಸ್ಕೂಟರನ್ನು ಮಾರುಕಟ್ಟೆಗೆ ತಂದಿತು. ಅದು ಮೋಟಾರ್ ಸೈಕಲಲ್ಲವಾದರೂ ಅದರ ಕಥೆಯಲ್ಲಿರುವ ಪಾಠ ಒಂದೇ. ಎಷ್ಟು ವಾಹನಗಳನ್ನು ತಯಾರಿಸಬೇಕೆಂಬುದನ್ನು ಸರ್ಕಾರದ ಲೈಸೆನ್ಸು ನಿರ್ಧರಿಸುತ್ತಿದ್ದ ಆ ಕಾಲದಲ್ಲಿ ಬೇಡಿಕೆ ಹೆಚ್ಚು, ತಯಾರಿಕೆ ಕಡಿಮೆ. ಮುಂಗಡ ಕಟ್ಟಿದವರು ವರ್ಷಗಟ್ಟಲೆ ಕಾಯುತ್ತಿದ್ದರು; ಹತ್ತು ವರ್ಷ ಕಾದವರೂ ಉಂಟು. ಸರದಿ ಬಂದ ಚೀಟಿಯನ್ನೇ ಹೆಚ್ಚಿನ ಬೆಲೆಗೆ ಮಾರುತ್ತಿದ್ದರು. ಗಿರಾಕಿಯು ಅಂಗಡಿಯವನಿಗೆ ಕೈಮುಗಿಯುತ್ತಿದ್ದನೇ ಹೊರತು ಅಂಗಡಿಯವನು ಗಿರಾಕಿಗೆ ಕೈಮುಗಿಯುತ್ತಿರಲಿಲ್ಲ. ಅಂದು ಬಾಗಿಲಲ್ಲಿ ನೆರೆದಿದ್ದ ಜನ ನಿಷ್ಠೆಯಿಂದ ಬಂದವರಲ್ಲ. ಬೇರೆ ಗತಿಯಿಲ್ಲದೆ ಬಂದವರು. ಹೋಗಲು ಬೇರೆ ಬಾಗಿಲು ತೆರೆದಿದ್ದಾಗಲೂ ಅದೇ ಬಾಗಿಲಿಗೆ ಬರುವವನೇ ನಿಷ್ಠಾವಂತ ಗಿರಾಕಿ.

ಬೇರೆ ಬಾಗಿಲುಗಳು ತೆರೆದದ್ದು 1980ರ ದಶಕದಲ್ಲಿ. ಬಸ್ಸು ಸಾರಿಗೆಯಿಂದ ಆರಂಭಿಸಿ ವಾಹನಗಳ ಮಾರಾಟದಲ್ಲಿಯೂ ದುರಸ್ತಿಯಲ್ಲಿಯೂ ಹೆಸರಾದ ಟಿ.ವಿ.ಎಸ್. ಮನೆತನದವರು 1980ರಲ್ಲಿ ನಮ್ಮ ಹೊಸೂರಿನ ಕಾರ್ಖಾನೆಯಿಂದಲೇ ಇಬ್ಬರು ಕೂರಬಲ್ಲ ಟಿ.ವಿ.ಎಸ್. 50 ಮೊಪೆಡ್ಡನ್ನು ಹೊರತಂದರು. ಜಪಾನಿನ ಸುಜುಕಿಯೊಡನೆ ಸೇರಿ 1984ರಲ್ಲಿ ನೂರು ಸಿ.ಸಿ.ಯ ಮೋಟಾರ್ ಸೈಕಲನ್ನು ತಂದರು. ಮರುವರ್ಷ ಹೀರೋ ಹೋಂಡಾ ಸಿ.ಡಿ. 100 ಬಂದಿತು. ಅಂದಿನಿಂದ ಗಿರಾಕಿಗೆ ಆಯ್ಕೆ ದೊರೆಯಿತು. ಮಾರುವವನ ನಡತೆಗೂ ಬೆಲೆ ಬಂದದ್ದು ಆಗಲೇ.

ಇನ್ನು ಅಂಗಡಿಯ ಒಳಗಣ ಲೆಕ್ಕವನ್ನು ನೋಡೋಣ. ದೊಡ್ಡ ಪಟ್ಟಣದಲ್ಲಿರುವವನು ಸಾಮಾನ್ಯವಾಗಿ ಕಂಪನಿಯ ಅಧಿಕೃತ ಡೀಲರು. ಹೋಬಳಿ ಊರುಗಳಲ್ಲಿ ಎರಡು ಬಾಗಿಲಿನ ಅಂಗಡಿಯಿಟ್ಟವನು ಹಲವು ಸಲ ಆ ಡೀಲರಿನ ಕೈಕೆಳಗಿನ ಸಬ್ ಡೀಲರು. ಒಂದು ಗಾಡಿ ಮಾರಿದರೆ ಡೀಲರಿಗೆ ಉಳಿಯುವುದು ಅದರ ಬೆಲೆಯ ಒಂದು ಸಣ್ಣ ಪಾಲು ಮಾತ್ರ. ಸಬ್ ಡೀಲರಿಗೆ ಅದರಲ್ಲಿಯೂ ಒಂದು ಪಾಲು. ಕಟ್ಟಡದ ಬಾಡಿಗೆ, ನೌಕರರ ಸಂಬಳ, ದಾಸ್ತಾನಿಗೆ ತಂದ ಸಾಲದ ಬಡ್ಡಿ, ಇವೆಲ್ಲವೂ ಅದರಲ್ಲಿ ಹುಟ್ಟಬೇಕು. ಹುಟ್ಟದಿದ್ದಾಗ ವಿಮೆಯ ಕಮಿಷನ್ನು, ಸಾಲ ಕೊಡಿಸಿದ ಕಮಿಷನ್ನು, ಸೀಟಿನ ಹೊದಿಕೆ ಮೊದಲಾದ ಹೆಚ್ಚಿನ ಸಾಮಾನುಗಳು, ಬಿಡಿಭಾಗಗಳು, ಸರ್ವಿಸು, ಇವುಗಳಿಂದ ತುಂಬಿಸಿಕೊಳ್ಳಬೇಕು. ಇದರ ಮೇಲೆ ತಿಂಗಳಿಗೆ ಇಷ್ಟು ಗಾಡಿ ಮಾರಲೇಬೇಕೆಂಬ ಕಂಪನಿಯ ಗುರಿ. ತಿಂಗಳ ಕೊನೆಯ ವಾರದಲ್ಲಿ ಮಾರಾಟದ ಹುಡುಗನ ಮಾತು ಏಕೆ ಅಷ್ಟು ಸಿಹಿಯಾಗಿರುತ್ತದೆಂಬುದು ಈಗ ತಮಗೆ ತಿಳಿಯಿತಷ್ಟೆ. ಆ ಹುಡುಗನನ್ನು ನಾವು ದೂಷಿಸುವುದಿಲ್ಲ. ಅವನೂ ಯಾರದೋ ಮನೆಯ ಮಗ, ಪ್ರಾಯಶಃ ಇದೇ ಶಾಲೆಯ ಹಳೆಯ ವಿದ್ಯಾರ್ಥಿ. ಆದರೆ ಗಾಡಿ ಬಾಗಿಲು ದಾಟುವವರೆಗಿನ ಸಿಹಿಮಾತನ್ನು ಸೇವೆಯೆಂದು ಎಣಿಸಬಾರದು. ಸೇವೆಯ ಪರೀಕ್ಷೆ ಆರಂಭವಾಗುವುದು ಗಾಡಿ ಬಾಗಿಲು ದಾಟಿದ ಮೇಲೆ.

ಸಣ್ಣ ಅಂಗಡಿಯ ದೊಡ್ಡ ಸಂಪತ್ತೆಂದರೆ ನೆನಪು. ನಮ್ಮ ಪೋಷಕರಲ್ಲೊಬ್ಬರು ಬೆಳಗಿನ ಜಾವ ಟೊಮೇಟೊ ಕ್ರೇಟುಗಳನ್ನು ಹೇರಿಕೊಂಡು ಮಾರುಕಟ್ಟೆಗೆ ಹೊರಟಾಗ ಕ್ಲಚ್ಚಿನ ತಂತಿ ಕಡಿದುಹೋಯಿತು. ಊರಿನ ಅಂಗಡಿಯ ಯಜಮಾನರು ಎದ್ದು ಬಂದು, ತಂತಿ ತಮ್ಮಲ್ಲಿ ಇಲ್ಲವೆಂದು ಕಂಡು, ತಮ್ಮ ಸ್ವಂತ ಗಾಡಿಯ ಕೀಲಿಕೈಯನ್ನೇ ಕೊಟ್ಟು ಕಳುಹಿಸಿದರು. ಸಂಜೆಯ ಹೊತ್ತಿಗೆ ತಂತಿ ತರಿಸಿ ಹಾಕಿದ್ದರು. ಆ ಪೋಷಕರು ಆಮೇಲೆ ಇನ್ನೂ ಎರಡು ಗಾಡಿಗಳನ್ನು ಅಲ್ಲಿಯೇ ಕೊಂಡರು. ಪೇಟೆಯ ಬೆಲೆ ಕೆಲವು ನೂರು ರೂಪಾಯಿ ಕಡಿಮೆಯಿದ್ದಿತಲ್ಲವೇ ಎಂದು ನಾವು ಕೇಳಿದಾಗ, “ಸ್ವಾಮಿ, ಆ ನೂರು ರೂಪಾಯಿ ಬೆಳಗಿನ ಜಾವ ಎದ್ದು ಬರುತ್ತದೆಯೆ?” ಎಂದರು. ಇದಕ್ಕಿಂತ ಚೆನ್ನಾದ ಉತ್ತರವನ್ನು ವಾಣಿಜ್ಯಶಾಸ್ತ್ರದ ಪಂಡಿತರೂ ಕೊಡಲಾರರು.

ಆದರೆ ಸಣ್ಣದೆಲ್ಲವೂ ಒಳ್ಳೆಯದೆಂದು ತಿಳಿಯಬಾರದು. ಪರಿಚಯದ ಮಾತಿನಲ್ಲಿ ಬಿಲ್ಲು ಕೊಡದಿರುವ ಅಂಗಡಿಗಳುಂಟು. ಕಂಪನಿಯ ಬಿಡಿಭಾಗವೆಂದು ಹೇಳಿ ನಕಲಿಯನ್ನು ಹಾಕುವವರುಂಟು. ನಾಳೆ ಬನ್ನಿರೆಂದು ಎಂಟು ದಿನ ಅಲೆಸಿ, ನೆಂಟಸ್ತಿಕೆಯ ಭಯದಿಂದ ಗಿರಾಕಿಯು ದೂರದಂತೆ ಮಾಡುವವರುಂಟು. ಪರಿಚಯವೆಂಬುದು ನಂಬುಗೆಯ ಬೀಜ, ನಿಜ. ಅದೇ ಮೋಸದ ಮರೆಯೂ ಆಗಬಲ್ಲುದು. ಇದಲ್ಲದೆ ಕಾಲವೂ ಬದಲಾಗಿದೆ. 2020ರ ಏಪ್ರಿಲ್ 1ರಿಂದ ಭಾರತದಲ್ಲಿ ಬಿ.ಎಸ್. 6 ಎಂಬ ಹೊಗೆಯ ನಿಯಮವು ಜಾರಿಗೆ ಬಂದಿತು. ಅಂದಿನಿಂದ ಹೊಸ ಗಾಡಿಗಳಲ್ಲಿ ಬಹುಮಟ್ಟಿಗೆ ಕಾರ್ಬುರೇಟರು ಹೋಗಿ, ಪೆಟ್ರೋಲನ್ನು ಅಳೆದು ಸಿಂಪಡಿಸುವ ಇಂಜೆಕ್ಟರು ಬಂದಿದೆ. ಗಾಳಿಯ ಒತ್ತಡ, ಇಂಜಿನ್ನಿನ ಶಾಖ ಮೊದಲಾದುವನ್ನು ಅಳೆಯುವ ಸೂಕ್ಷ್ಮ ಉಪಕರಣಗಳು ಬಂದಿವೆ. ದೋಷವೇನೆಂಬುದು ಗಾಡಿಯ ಚಿಕ್ಕ ಗಣಕದಲ್ಲಿ ದಾಖಲಾಗುತ್ತದೆ. ಅದನ್ನು ಓದಲು ಸ್ಕ್ಯಾನರ್ ಬೇಕು. ಕಿವಿಯಿಂದ ಇಂಜಿನ್ನಿನ ಸದ್ದು ಕೇಳಿ ಕಾಯಿಲೆ ಹೇಳುತ್ತಿದ್ದ ಹಳೆಯ ಮೇಸ್ತ್ರಿಯ ವಿದ್ಯೆಯೊಂದೇ ಈಗ ಸಾಲದು.

ಇಲ್ಲಿ ದೊಡ್ಡ ಅಂಗಡಿಯ ಗುಣವು ಕಾಣುತ್ತದೆ. ಅಲ್ಲಿ ಸ್ಕ್ಯಾನರ್ ಇದೆ, ತರಬೇತಿ ಪಡೆದ ಮೆಕ್ಯಾನಿಕ್ ಇದ್ದಾನೆ, ಬಿಡಿಭಾಗಗಳ ಉಗ್ರಾಣವಿದೆ. ಗಾಡಿ ಒಳಗೆ ಬಂದೊಡನೆ ಜಾಬ್ ಕಾರ್ಡು ಬರೆಯುತ್ತಾರೆ. ಏನು ದೂರು, ಏನು ಮಾಡಿದರು, ಎಷ್ಟಾಯಿತು ಎಂಬುದು ಕಾಗದದಲ್ಲಿ ಉಳಿಯುತ್ತದೆ. ವಾರಂಟಿಯ ಕಾಲದಲ್ಲಿ ಇಂಜಿನ್ನಿನೊಳಗೆ ದೋಷ ಕಂಡರೆ ಕಂಪನಿಯಿಂದ ಮಂಜೂರಾತಿ ತರಿಸಿ ಖರ್ಚಿಲ್ಲದೆ ಬದಲಿಸುವ ಅಧಿಕಾರವೂ ಅಲ್ಲಿಯೇ. ನೆನಪು ಮನುಷ್ಯನೊಡನೆ ಹೋಗುತ್ತದೆ, ಕಾಗದ ಉಳಿಯುತ್ತದೆ. ಆದರೆ ದೊಡ್ಡ ಅಂಗಡಿಯ ದೋಷವೂ ಅದೇ ಗುಣದಿಂದಲೇ ಹುಟ್ಟುತ್ತದೆ. ಕಾಗದವು ನಂಬರನ್ನು ಬಲ್ಲದು, ಮನುಷ್ಯನನ್ನು ಬಲ್ಲದು ಎನ್ನುವಂತಿಲ್ಲ. ಕಳೆದ ಸಲ ಮಾತನಾಡಿದ ನೌಕರನು ಈ ಸಲ ಇರುವುದಿಲ್ಲ. ಹೊಸಬನಿಗೆ ಕಥೆಯನ್ನೆಲ್ಲ ಮೊದಲಿನಿಂದ ಹೇಳಬೇಕು. ತಪ್ಪು ಯಾರದೆಂದು ಕೇಳಿದರೆ ಒಬ್ಬರು ಇನ್ನೊಬ್ಬರ ಮೇಜನ್ನು ತೋರಿಸುತ್ತಾರೆ. ಹತ್ತು ಮೇಜುಗಳಿರುವಲ್ಲಿ ಹೊಣೆ ಯಾವ ಮೇಜಿನ ಮೇಲೂ ನಿಲ್ಲದಿರುವುದುಂಟು.

ಹಾಗಾದರೆ ಸಣ್ಣದಕ್ಕೂ ದೊಡ್ಡದಕ್ಕೂ ಕೂಡಿ ಬಾಳಲು ಸಾಧ್ಯವಿಲ್ಲವೆ? ಉಂಟು. ಇಂದು ಮೋಟಾರ್ ಸೈಕಲ್ ತಯಾರಿಕೆಯಲ್ಲಿ ಜಗತ್ತಿಗೇ ದೊಡ್ಡದಾದ ಹೋಂಡಾ ಸಂಸ್ಥೆಯ ಆರಂಭದ ಕಥೆಯನ್ನೇ ನೋಡಿರಿ. 1948ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯು 1952ರಲ್ಲಿ ಸೈಕಲಿಗೆ ಜೋಡಿಸಬಹುದಾದ ಕಬ್ ಎಂಬ ಪುಟ್ಟ ಇಂಜಿನ್ನನ್ನು ತಯಾರಿಸಿತು. ಯಂತ್ರವನ್ನು ರೂಪಿಸುವವರು ಸೊಇಚಿರೋ ಹೋಂಡಾ. ವ್ಯಾಪಾರವನ್ನು ನೋಡಿಕೊಳ್ಳುವವರು ತಕೆಯೊ ಫುಜಿಸಾವಾ. ಫುಜಿಸಾವಾ ಅವರು ದೊಡ್ಡ ವರ್ತಕರನ್ನು ಹುಡುಕಿಕೊಂಡು ಹೋಗಲಿಲ್ಲ. ಜಪಾನಿನ ಐವತ್ತು ಸಾವಿರ ಸೈಕಲ್ ಅಂಗಡಿಗಳಿಗೆ ಅಂಚೆಯಲ್ಲಿ ಕಾಗದ ಬರೆದರು. ನಿಮ್ಮ ಹಿರಿಯರು ಒಂದು ಕಾಲದಲ್ಲಿ ಧೈರ್ಯಮಾಡಿ ವಿದೇಶೀ ಸೈಕಲುಗಳನ್ನು ಮಾರಲು ತೊಡಗಿದರು, ಈಗಿನ ಜನರು ಇಂಜಿನ್ನಿರುವ ಸೈಕಲನ್ನು ಬಯಸುತ್ತಿದ್ದಾರೆ, ಅದನ್ನು ನಾವು ತಯಾರಿಸಿದ್ದೇವೆ, ಮಾರಲು ಮನಸ್ಸಿದೆಯೆ ಎಂಬುದು ಅದರ ತಾತ್ಪರ್ಯ. ಸಾವಿರಾರು ಅಂಗಡಿಗಳಿಂದ ಉತ್ತರ ಬಂದಿತು. ಪಂಕ್ಚರು ಹಾಕುತ್ತಿದ್ದ, ಊರಿನ ಮಕ್ಕಳನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದ ಅಂಗಡಿಯವರೇ ಆ ಸಂಸ್ಥೆಯ ಮೊದಲ ದೊಡ್ಡ ಮಾರಾಟ ಪಡೆಯಾದರು. ದೊಡ್ಡದರ ಯಂತ್ರವೂ ಸಣ್ಣದರ ಪರಿಚಯವೂ ಅಲ್ಲಿ ಒಂದಾದುವು.

ಅದೇ ಸಂಸ್ಥೆಯು 1959ರಲ್ಲಿ ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ ಅಂಗಡಿ ತೆರೆಯಿತು. ಜಪಾನಿಗಿಂತ ಅಲ್ಲಿನ ರಸ್ತೆಗಳು ದೀರ್ಘ, ಸವಾರರ ವೇಗ ಅಧಿಕ. 1960ರ ಹೊತ್ತಿಗೆ ದೊಡ್ಡ ಗಾಡಿಗಳಲ್ಲಿ ಎಣ್ಣೆ ಸೋರುವುದೂ ಕ್ಲಚ್ಚು ಕೆಡುವುದೂ ಮೊದಲಾಯಿತು. ಹೊಸ ದೇಶ, ಕೈಯಲ್ಲಿ ಹಣ ಕಡಿಮೆ. ಆ ಸಂಸ್ಥೆಯವರು ಸವಾರರ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳಲಿಲ್ಲ. ಕೆಟ್ಟ ಗಾಡಿಗಳನ್ನು ವಿಮಾನದಲ್ಲಿ ಜಪಾನಿಗೆ ಕಳುಹಿಸಿ, ಅಲ್ಲಿನ ಪ್ರಯೋಗಶಾಲೆಯಲ್ಲಿ ಅಮೆರಿಕದವರು ಓಡಿಸುವ ರೀತಿಯಲ್ಲಿಯೇ ಓಡಿಸಿ, ದೋಷ ಹುಡುಕಿ, ಗ್ಯಾಸ್ಕೆಟನ್ನೂ ಕ್ಲಚ್ಚಿನ ಸ್ಪ್ರಿಂಗನ್ನೂ ಹೊಸದಾಗಿ ರೂಪಿಸಿದರು. ವಿದ್ಯಾರ್ಥಿಗಳೇ, ಇದನ್ನು ಚೆನ್ನಾಗಿ ನೆನಪಿಡಿರಿ. ಯಾವ ಯಂತ್ರವೂ ಕೆಡದೆ ಇರುವುದಿಲ್ಲ. ಕೆಟ್ಟಾಗ ಮಾರಿದವನು ಎಲ್ಲಿ ನಿಲ್ಲುತ್ತಾನೆಂಬುದೇ ಗಿರಾಕಿಗೆ ಮುಖ್ಯ.

ಇನ್ನೊಂದು ನಿದರ್ಶನವು ನಮಗೆ ಹತ್ತಿರದ ಮೈಸೂರಿನದು. ಐಡಿಯಲ್ ಜಾವಾ ಸಂಸ್ಥೆಯು ಚೆಕೊಸ್ಲೊವಾಕಿಯದ ಜಾವಾ ಮೋಟಾರ್ ಸೈಕಲುಗಳನ್ನು ಅಲ್ಲಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ತಯಾರಿಸಿತು. 1973ರಿಂದ ಯಜ್ಡಿ ಎಂಬ ಹೆಸರಿನಲ್ಲಿ ಅವು ದೇಶದಲ್ಲೆಲ್ಲ ಓಡಾಡಿದುವು. ಎರಡು ಕೊಳವೆಗಳ ಡಬ್ ಡಬ್ ಸದ್ದು, ಕಿಕ್ಕರೂ ಗೇರೂ ಒಂದೇ ಕಡ್ಡಿಯಲ್ಲಿದ್ದ ಆ ಚಮತ್ಕಾರ, ಹಿರಿಯರಿಗೆ ಈಗಲೂ ನೆನಪಿರಬಹುದು. ಪೆಟ್ರೋಲು ಕಡಿಮೆ ಕುಡಿಯುವ ನಾಲ್ಕು ಸ್ಟ್ರೋಕಿನ ಗಾಡಿಗಳ ಎದುರು ನಿಲ್ಲಲಾರದೆ ಆ ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಕಂಪನಿಯಿಲ್ಲ, ಷೋರೂಮಿಲ್ಲ, ವಾರಂಟಿಯಿಲ್ಲ. ಲೆಕ್ಕದ ಪ್ರಕಾರ ಆ ಗಾಡಿಗಳು ಕೆಲವೇ ವರ್ಷಗಳಲ್ಲಿ ಗುಜರಿ ಸೇರಬೇಕಾಗಿದ್ದಿತು. ಆದರೆ ಸೇರಲಿಲ್ಲ. ಮೈಸೂರು, ಬೆಂಗಳೂರುಗಳ ಗಲ್ಲಿಗಳಲ್ಲಿದ್ದ ಮೇಸ್ತ್ರಿಗಳು ಹಳೆಯ ಬಿಡಿಭಾಗಗಳನ್ನು ಕೂಡಿಟ್ಟು, ಸಿಗದುದನ್ನು ಲೇತಿನಲ್ಲಿ ಕಡೆಸಿ, ಅವುಗಳನ್ನು ಓಡಿಸಿಕೊಂಡು ಬಂದರು. ಜುಲೈ ತಿಂಗಳ ಎರಡನೆಯ ಭಾನುವಾರದ ಜಾವಾ ದಿನದಂದು ಆ ಗಾಡಿಗಳ ಮಾಲೀಕರು ಊರೂರುಗಳಲ್ಲಿ ಕೂಡಿ ಸವಾರಿ ಹೋಗುತ್ತಾರೆ. ಬೇರೊಂದು ಸಂಸ್ಥೆಯು 2018ರಲ್ಲಿ ಜಾವಾ ಹೆಸರನ್ನೂ 2022ರಲ್ಲಿ ಯಜ್ಡಿ ಹೆಸರನ್ನೂ ಮತ್ತೆ ಮಾರುಕಟ್ಟೆಗೆ ತಂದಿತು. ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷಗಳ ಮೇಲೆಯೂ ಒಂದು ಹೆಸರಿಗೆ ಬೆಲೆಯಿದ್ದಿತೆಂದರೆ ಅದನ್ನು ಉಳಿಸಿಕೊಟ್ಟವರಲ್ಲಿ ಎಣ್ಣೆ ಮೆತ್ತಿದ ಕೈಯ ಆ ಸಣ್ಣ ಮೇಸ್ತ್ರಿಗಳೂ ಸೇರಿದ್ದಾರೆ. ಅವರ ಹೆಸರು ಯಾವ ಜಾಹೀರಾತಿನಲ್ಲಿಯೂ ಬರಲಿಲ್ಲ.

ಇದಕ್ಕೆ ಪ್ರತಿಯಾದ ಚಿತ್ರವೂ ಒಂದುಂಟು. ಅಮೆರಿಕದ ಹಾರ್ಲೆ ಡೇವಿಡ್‌ಸನ್ ಸಂಸ್ಥೆಯು 2009ರಲ್ಲಿ ಭಾರತಕ್ಕೆ ಬರುವುದಾಗಿ ಸಾರಿ, 2010ರಿಂದ ಮಾರಾಟ ಆರಂಭಿಸಿತು. ಅದರ ಗಿರಾಕಿಗಳ ನಿಷ್ಠೆಯು ಲೋಕಪ್ರಸಿದ್ಧ. ಮೈಮೇಲೆ ಕಂಪನಿಯ ಗುರುತನ್ನು ಹಚ್ಚೆ ಹಾಕಿಸಿಕೊಂಡವರುಂಟು. 2020ರ ಸೆಪ್ಟೆಂಬರಿನಲ್ಲಿ ಆ ಸಂಸ್ಥೆಯು ಭಾರತದಲ್ಲಿನ ತಯಾರಿಕೆಯನ್ನೂ ನೇರ ಮಾರಾಟವನ್ನೂ ನಿಲ್ಲಿಸುವುದಾಗಿ ಪ್ರಕಟಿಸಿತು. ಕೋಟಿಗಟ್ಟಲೆ ಹಣ ಹೂಡಿ ಭವ್ಯವಾದ ಷೋರೂಮು ಕಟ್ಟಿದ್ದ ಮೂವತ್ತಕ್ಕೂ ಹೆಚ್ಚು ಡೀಲರುಗಳು ಒಂದೇ ದಿನದಲ್ಲಿ ದಿಕ್ಕುಗಾಣದಂತಾದರು. ಲಕ್ಷಗಟ್ಟಲೆ ಕೊಟ್ಟು ಕೊಂಡವರು ಇನ್ನು ಬಿಡಿಭಾಗ ಯಾರು ಕೊಡುತ್ತಾರೆಂದು ಚಿಂತಿಸಿದರು. ಮುಂದಿನ ತಿಂಗಳಲ್ಲಿಯೇ ಹೀರೋ ಮೋಟೋಕಾರ್ಪ್ ಸಂಸ್ಥೆಯೊಡನೆ ಒಪ್ಪಂದವಾಗಿ ಮಾರಾಟವೂ ಸರ್ವಿಸೂ ಅದರ ಕೈಗೆ ಬಂದುದರಿಂದ ಗಿರಾಕಿಗಳು ನಿಟ್ಟುಸಿರುಬಿಟ್ಟರು. ಸಣ್ಣ ಅಂಗಡಿಯವನು ಬಾಗಿಲು ಮುಚ್ಚಿದರೂ ಊರಿನಲ್ಲಿಯೇ ಇರುತ್ತಾನೆ, ದಾರಿಯಲ್ಲಿ ಎದುರಾಗುತ್ತಾನೆ. ದೊಡ್ಡದರ ನಿರ್ಧಾರಗಳಾದರೋ ಸಮುದ್ರದಾಚೆ ನಡೆಯುತ್ತವೆ. ಷೋರೂಮಿನ ಯಜಮಾನನಿಗೂ ಅದು ಪತ್ರಿಕೆ ಓದಿಯೇ ತಿಳಿಯಬಹುದು.

ದೊಡ್ಡದು ಬೇಗ ಬೆಳೆದು, ಸೇವೆಯು ಅದರ ಹಿಂದೆ ಓಡಲಾರದೆ ಹೋದಾಗ ಏನಾಗುತ್ತದೆಂಬುದಕ್ಕೂ ಈಚಿನ ಉದಾಹರಣೆಯಿದೆ. ಡೀಲರುಗಳನ್ನು ನೇಮಿಸದೆ ತನ್ನದೇ ಮಳಿಗೆಗಳಲ್ಲಿ ವಿದ್ಯುತ್ ಸ್ಕೂಟರುಗಳನ್ನು ಮಾರುತ್ತಿದ್ದ ಒಂದು ಸಂಸ್ಥೆಗೆ, ಗ್ರಾಹಕರ ಹಕ್ಕುಗಳನ್ನು ಕಾಯುವ ಕೇಂದ್ರದ ಪ್ರಾಧಿಕಾರವು 2024ರ ಅಕ್ಟೋಬರಿನಲ್ಲಿ ನೋಟೀಸು ಕೊಟ್ಟಿತು. ಹಿಂದಿನ ಒಂದು ವರ್ಷದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಆ ಸಂಸ್ಥೆಯ ಮೇಲೆ ಬಂದಿದ್ದ ದೂರುಗಳು 10,644. ಸರ್ವಿಸಿಗೆ ಬಿಟ್ಟ ಗಾಡಿ ಮರಳಿ ಬರಲು ತಡವಾಗುತ್ತಿದೆಯೆಂಬುದು ಅವುಗಳಲ್ಲಿ ಮುಖ್ಯವಾದದ್ದು. ಗಾಡಿಯನ್ನು ಮಾರುವುದು ಒಂದು ದಿನದ ಕೆಲಸ, ಅದನ್ನು ಕಾಪಾಡುವುದು ಹತ್ತು ವರ್ಷದ ಕೆಲಸ ಎಂಬ ಲೆಕ್ಕ ತಪ್ಪಿದರೆ ಹೀಗಾಗುತ್ತದೆ.

ಮಹನೀಯರೇ, ಇಷ್ಟನ್ನೆಲ್ಲ ನೋಡಿದ ಮೇಲೆ ನಮಗೆ ಹೊಳೆಯುವ ಸಂಗತಿ ಒಂದೇ. ಗಿರಾಕಿಯ ನಂಬುಗೆಯು ಅಂಗಡಿಯ ಅಗಲವನ್ನು ನೋಡಿ ಹುಟ್ಟುವುದಿಲ್ಲ. ಕಷ್ಟ ಬಂದಾಗ “ಇದು ನನ್ನ ಹೊಣೆ” ಎನ್ನುವ ಒಬ್ಬ ಮನುಷ್ಯನು ಅಲ್ಲಿರುವನೋ ಇಲ್ಲವೋ ಎಂಬುದನ್ನು ನೋಡಿ ಹುಟ್ಟುತ್ತದೆ. ಸಣ್ಣ ಅಂಗಡಿಯು ದೊಡ್ಡದರಿಂದ ಕಾಗದವನ್ನು ಕಲಿಯಬೇಕು: ಬಿಲ್ಲು, ದಾಖಲೆ, ಹೊಸ ಉಪಕರಣ. ದೊಡ್ಡ ಅಂಗಡಿಯು ಸಣ್ಣದರಿಂದ ನೆನಪನ್ನು ಕಲಿಯಬೇಕು: ಗಿರಾಕಿಯ ಹೆಸರು, ಅವನ ಕೆಲಸ, ಅವನ ಅವಸರ.

ಪೋಷಕರು ಗಾಡಿ ಕೊಳ್ಳುವ ಮುನ್ನ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಹೇಳಿಬಿಡುತ್ತೇವೆ. ಅಂಗಡಿ ಸಣ್ಣದಾಗಲಿ ದೊಡ್ಡದಾಗಲಿ ಇವು ತಮ್ಮ ಹಕ್ಕುಗಳು. ಹೊಸ ಗಾಡಿಯೊಡನೆ ಹೆಲ್ಮೆಟನ್ನು ತಯಾರಕರು ಒದಗಿಸತಕ್ಕದ್ದೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 138ನೆಯ ನಿಯಮವು ಹೇಳುತ್ತದೆ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಮೂರನೆಯ ವ್ಯಕ್ತಿಯ ವಿಮೆಯನ್ನು ಐದು ವರ್ಷಕ್ಕೆ ಒಮ್ಮೆಗೇ ಮಾಡಿಸಬೇಕಾಗಿದೆ. ಆದರೆ ಯಾವ ವಿಮಾ ಕಂಪನಿಯಲ್ಲಿ ಮಾಡಿಸಬೇಕೆಂಬ ಆಯ್ಕೆ ಕೊಳ್ಳುವವನದೇ. ಪ್ರತಿಯೊಂದು ರೂಪಾಯಿಗೂ ರಸೀತಿ ಕೇಳಿರಿ. ರಸೀತಿ ಕೇಳಿದ ಮಾತ್ರಕ್ಕೆ ಕೆಡುವ ಸ್ನೇಹವು ಸ್ನೇಹವಲ್ಲ. ಮೊದಲನೆಯ ಸರ್ವಿಸನ್ನು ತಪ್ಪಿಸಬೇಡಿರಿ. ಹೊಸ ಇಂಜಿನ್ನಿನ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಸವೆದ ಲೋಹದ ಪುಡಿಯು ಎಣ್ಣೆಯಲ್ಲಿ ಸೇರಿರುತ್ತದೆ, ಅದನ್ನು ತೆಗೆಯಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಸಾಲದ ಕಾಗದ. ಗಡಿಸೀಮೆಯಲ್ಲಿರುವ ನಮಗೆ ಇದರ ಕಷ್ಟ ಚೆನ್ನಾಗಿ ತಿಳಿದಿದೆ. ಮನೆಯ ಮಾತು ಕನ್ನಡ, ಊರಿನ ಕಚೇರಿಯ ಮಾತು ತಮಿಳು, ಸಾಲದ ಕಾಗದದ ಭಾಷೆ ಇಂಗ್ಲಿಷು. ತೋರಿಸಿದ ಜಾಗದಲ್ಲೆಲ್ಲ ರುಜು ಹಾಕಿ ಬಂದು, ಬಡ್ಡಿ ಎಷ್ಟೆಂಬುದನ್ನು ಮೂರನೆಯ ಕಂತಿನಲ್ಲಿ ತಿಳಿದುಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ರಿಸರ್ವ್ ಬ್ಯಾಂಕು 2024ರಲ್ಲಿ ಹೊರಡಿಸಿದ ಆಜ್ಞೆಯಂತೆ, ಇಂಥ ಸಾಲ ಕೊಡುವವರು ಬಡ್ಡಿ, ಶುಲ್ಕ, ಒಟ್ಟು ತಗಲುವ ವೆಚ್ಚ ಇವುಗಳನ್ನೆಲ್ಲ ಸರಳವಾಗಿ ಬರೆದ ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡತಕ್ಕದ್ದು. 2024ರ ಅಕ್ಟೋಬರ್ 1ರ ಅನಂತರದ ಹೊಸ ಸಾಲಗಳಿಗೆಲ್ಲ ಇದು ಅನ್ವಯಿಸುತ್ತದೆ. ಆದುದರಿಂದ ಕನ್ನಡದಲ್ಲಿ ಕೊಡಿರೆಂದು ಕೇಳುವುದು ಭಿಕ್ಷೆಯಲ್ಲ, ಹಕ್ಕು. ಸಂಕೋಚಪಡದೆ ಕೇಳಿರಿ. ಕೊಡುವವರೆಗೆ ರುಜು ಹಾಕಬೇಡಿರಿ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದರು. ಹಾಸಿಗೆ ಎಷ್ಟುದ್ದವೆಂಬುದನ್ನು ಮೊದಲು ಓದಿ ತಿಳಿಯಬೇಕಷ್ಟೆ.

ಅನ್ಯಾಯವಾದರೆ ದಾರಿಯೂ ಇದೆ. 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ಕನ್ನಡದಲ್ಲಿಯೂ ದೂರು ಸ್ವೀಕರಿಸುತ್ತಾರೆ. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ಗಾಡಿಯನ್ನು ಎಲ್ಲಿಯೇ ಕೊಂಡಿರಲಿ, ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಯ ಒಳಗಿದ್ದರೆ ಅದಕ್ಕೆ ಶುಲ್ಕವಿಲ್ಲ. ಬೆಂಗಳೂರಿನಲ್ಲಿ ಕೊಂಡೆವೆಂಬ ಕಾರಣಕ್ಕೆ ಅಲ್ಲಿಗೇ ಅಲೆಯಬೇಕಾದ ಅಗತ್ಯವಿಲ್ಲ.

ಇನ್ನು ವಿದ್ಯಾರ್ಥಿಗಳಿಗೆ ಎರಡು ಮಾತು. ನಿಮ್ಮಲ್ಲಿ ಒಂಬತ್ತನೆಯ ತರಗತಿಯವರಿಗೇ ಗಾಡಿಯ ಕನಸು ಬೀಳುತ್ತಿರುವುದನ್ನು ನಾವು ಬಲ್ಲೆವು. ಗೇರಿನ ಗಾಡಿ ಓಡಿಸಲು ಹದಿನೆಂಟು ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ಮೇಲೆ, ಅಪ್ರಾಪ್ತ ಹುಡುಗನು ಗಾಡಿ ಓಡಿಸಿ ಅಪರಾಧವೆಸಗಿದರೆ ತಂದೆತಾಯಿಗಳಿಗೆ ಇಪ್ಪತ್ತೈದು ಸಾವಿರ ರೂಪಾಯಿ ದಂಡವೂ ಮೂರು ವರ್ಷದವರೆಗೆ ಸೆರೆಯೂ ಆಗಬಹುದು. ಗಾಡಿ ಯಾರಿಗೆಂದು ಕೇಳಿ, ಹದಿನೈದರ ಹುಡುಗನಿಗೆಂದು ತಿಳಿದಾಗ, “ಮೂರು ವರ್ಷ ಕಳೆದು ಬನ್ನಿರಿ ಯಜಮಾನರೇ” ಎಂದು ಹೇಳಿ ಕಳುಹಿಸುವ ವರ್ತಕನಿದ್ದರೆ ಅವನ ಅಂಗಡಿಯನ್ನು ಮರೆಯಬೇಡಿರಿ. ಒಂದು ಮಾರಾಟವನ್ನು ಕಳೆದುಕೊಳ್ಳಬಲ್ಲವನೇ ನಂಬತಕ್ಕ ವರ್ತಕನು.

ನಾಳೆ ನಿಮ್ಮಲ್ಲಿ ಕೆಲವರು ಗಲ್ಲೆಯ ಆ ಕಡೆ ನಿಲ್ಲುವಿರಿ. ಕೆಲವರು ಸ್ಪ್ಯಾನರು ಹಿಡಿಯುವಿರಿ, ಕೆಲವರು ಜಾಬ್ ಕಾರ್ಡು ಬರೆಯುವಿರಿ, ಕೆಲವರು ಸ್ವಂತ ಅಂಗಡಿಯನ್ನೇ ಇಡುವಿರಿ. ಸ್ಕ್ಯಾನರನ್ನು ಓದಲು ಕಲಿಯಿರಿ. ಆದರೆ ಗಾಡಿ ತಂದವನ ಮುಖವನ್ನು ಓದಲು ಮರೆಯಬೇಡಿರಿ. ಗಡಿಯಲ್ಲಿ ಹುಟ್ಟಿದ ನಿಮಗೆ ಕನ್ನಡ, ತಮಿಳು, ತೆಲುಗು ಮೂರೂ ಆಡಲು ಬರುತ್ತವೆ. ಪರೀಕ್ಷೆಯಲ್ಲಿ ಇದಕ್ಕೆ ಅಂಕಗಳಿಲ್ಲದಿರಬಹುದು. ಅಂಗಡಿಯಲ್ಲಿ ಇದಕ್ಕೆ ಬೆಲೆಯಿದೆ. ರುಜು ಎಲ್ಲಿ ಹಾಕಬೇಕೆಂದು ಬೆರಳು ತೋರಿಸುವವರು ಬೇಕಾದಷ್ಟು ಜನರಿದ್ದಾರೆ. ರುಜು ಹಾಕುವ ಮುನ್ನ ಕಾಗದವನ್ನು ಮುದುಕನೊಬ್ಬನಿಗೆ ಅವನ ಮಾತಿನಲ್ಲಿ ಓದಿ ಹೇಳುವ ಹುಡುಗನು ಆ ಅಂಗಡಿಯಲ್ಲಿ ಒಬ್ಬನಿರಲಿ, ಆ ಹುಡುಗನು ಈ ಶಾಲೆಯವನಾಗಿರಲಿ ಎಂಬುದು ನಮ್ಮ ಆಸೆ.